ಮೂರು ತಲೆಮಾರು, ಒಂದೇ ಪಂಕ್ತಿ



ಶಿಡ್ಲಘಟ್ಟ, ಚಿಂತಾಮಣಿ ಭಾಗದ ರೇಷ್ಮೆ ಬೆಳೆಗಾರರ ಮನೆಯಲ್ಲಿ ಎಲ್ಲರಿಗೂ ತಿಳಿದ ಸಂಗತಿಯೊಂದಿದೆ. ಹುಳುವು ಮೊಟ್ಟೆಯಿಂದ ಹೊರಬಂದು ಹಣ್ಣಾಗುವುದರೊಳಗೆ ನಾಲ್ಕು ಬಾರಿ ‘ಜ್ವರ’ಕ್ಕೆ ಹೋಗುತ್ತದೆ. ಹಗಲಿರುಳು ಸೊಪ್ಪು ತಿನ್ನುತ್ತಿದ್ದ ಹುಳು ಆಗ ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ ನಿಶ್ಚಲವಾಗಿ ನಿಲ್ಲುತ್ತದೆ. ಅನುಭವಿಗಳಾದ ರೈತರು ಆ ಹೊತ್ತಿನಲ್ಲಿ ಸೊಪ್ಪು ಹಾಕುವುದಿಲ್ಲ, ಹುಳುವನ್ನು ಕದಲಿಸುವುದಿಲ್ಲ. ಸುಣ್ಣದ ಪುಡಿ ಉದುರಿಸಿ ಸುಮ್ಮನೆ ಕಾಯುತ್ತಾರೆ. ಒಂದು ದಿನದ ನಂತರ ಹುಳು ಹಳೆಯ ಚರ್ಮವನ್ನು ಕಳಚಿ ಹೊಸ ಹಸಿವಿನೊಂದಿಗೆ ಎಚ್ಚರಗೊಳ್ಳುತ್ತದೆ. ಜ್ವರವೆಂದು ಕರೆದರೂ ಅದು ರೋಗವಲ್ಲ, ಬೆಳವಣಿಗೆಯ ಒಂದು ಘಟ್ಟ. ನಡುವೆ ನಿಲ್ಲದ ಹುಳು ಗೂಡು ಕಟ್ಟಲಾರದು.

ಮನುಷ್ಯನ ಬಾಳಿಗೂ ಇಂತಹ ನಿಲುಗಡೆ ಬೇಕು. ಶ್ರೀಮಠಗಳಲ್ಲಿ ನಡೆಯುವ ಶಿಬಿರ, ಗೋಷ್ಠಿ, ಅನುಷ್ಠಾನಗಳು ಅಂತಹ ನಿಲುಗಡೆಗಳೇ ಆಗಿವೆ. ಈ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ತಾತ, ಅಜ್ಜಿ, ಮಗ, ಸೊಸೆ, ಮೊಮ್ಮಕ್ಕಳು ಒಟ್ಟಾಗಿ ಬಂದು, ಒಟ್ಟಾಗಿ ದುಡಿದು, ಒಟ್ಟಾಗಿ ಚಿಂತಿಸಿ, ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸುವ ಮೂರು ತಲೆಮಾರಿನ ಶಿಬಿರವನ್ನು ಕುರಿತು ಅಭ್ಯಾಸ ಮಾಡೋಣ. ಇದು ಭಕ್ತಿಯ ವಿಷಯ ಮಾತ್ರವಲ್ಲ, ಆರೋಗ್ಯದ ವಿಷಯವೂ ಹೌದು.

ಒಂದೇ ಸೂರು, ಮೂರು ಏಕಾಂತ

ಚಿಕ್ಕಬಳ್ಳಾಪುರ ಜಿಲ್ಲೆ ಬೆಂಗಳೂರಿನ ಮಗ್ಗುಲಲ್ಲೇ ಇದೆ. ಬೆಳಗಿನ ಜಾವದ ಬಸ್ಸು ರೈಲುಗಳಲ್ಲಿ ದುಡಿಯುವ ವಯಸ್ಸಿನವರು ನಗರಕ್ಕೆ ಹೊರಟುಹೋಗುತ್ತಾರೆ. ರಾತ್ರಿ ದಣಿದು ಹಿಂದಿರುಗುತ್ತಾರೆ. ಹಲವರು ಅಲ್ಲಿಯೇ ಬಾಡಿಗೆ ಮನೆ ಮಾಡಿ ಹಬ್ಬಕ್ಕೆ ಮಾತ್ರ ಊರಿಗೆ ಬರುತ್ತಾರೆ. ಊರಿನಲ್ಲಿ ಹಿರಿಯರು ಹಸು, ಹುಳುಮನೆ, ತೋಟಗಳನ್ನು ನೋಡಿಕೊಂಡಿರುತ್ತಾರೆ. ಮಕ್ಕಳು ಶಾಲೆ ಮುಗಿಸಿ ಬಂದವರೇ ಮೊಬೈಲಿನ ಮುಂದೆ ಕೂರುತ್ತಾರೆ. ಜಗಲಿಯ ಮೇಲೆ ತಾತ, ಅಡುಗೆಮನೆಯಲ್ಲಿ ಸೊಸೆ, ಮೂಲೆಯಲ್ಲಿ ಮೊಮ್ಮಗ: ಸೂರು ಒಂದೇ ಆದರೂ ಏಕಾಂತ ಮೂರು. ಜಗಳವಿಲ್ಲ, ಆದರೆ ಮಾತೂ ಇಲ್ಲ.

ಇದನ್ನು ಕಾಲಧರ್ಮವೆಂದು ತಳ್ಳಿಹಾಕುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೧೯೪೮ರಲ್ಲಿ ಜಾರಿಗೆ ಬಂದ ತನ್ನ ಸಂವಿಧಾನದಲ್ಲಿಯೇ ಆರೋಗ್ಯವೆಂದರೆ ಕೇವಲ ರೋಗವಿಲ್ಲದಿರುವುದಲ್ಲ, ದೇಹ, ಮನಸ್ಸು ಮತ್ತು ಸಾಮಾಜಿಕ ಬಾಳು ಮೂರೂ ಕ್ಷೇಮವಾಗಿರುವುದು ಎಂಬ ಅರ್ಥವನ್ನು ನೀಡಿದೆ. ಅದೇ ಸಂಸ್ಥೆಯ ಸಾಮಾಜಿಕ ಸಂಬಂಧಗಳ ಆಯೋಗವು ೨೦೨೫ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ. ವರ್ಷಕ್ಕೆ ಎಂಟು ಲಕ್ಷಕ್ಕೂ ಹೆಚ್ಚು ಸಾವುಗಳಿಗೆ ಒಂಟಿತನದ ನಂಟಿದೆ. ಹೃದ್ರೋಗ, ಪಾರ್ಶ್ವವಾಯು, ಮಧುಮೇಹ, ಖಿನ್ನತೆ, ಮರೆವು ಇವುಗಳ ಅಪಾಯ ಒಂಟಿತನದಿಂದ ಹೆಚ್ಚುತ್ತದೆ. ಇದು ಮುದುಕರ ಕಾಯಿಲೆ ಮಾತ್ರವಲ್ಲ. ಹದಿಹರೆಯದವರಲ್ಲಿ ಒಂಟಿತನ ಇನ್ನೂ ಹೆಚ್ಚಾಗಿದೆ ಎಂಬುದು ಆ ವರದಿ ತೋರಿಸುವ ಕಳವಳದ ಸಂಗತಿ. ಒಂದೇ ಮನೆಯಲ್ಲಿ ತಾತನಿಗೂ ಮೊಮ್ಮಗನಿಗೂ ಒಂದೇ ರೋಗವಿದ್ದು, ಒಬ್ಬರಿಗೊಬ್ಬರು ಔಷಧವಾಗಬಲ್ಲವರಾಗಿದ್ದೂ ಆಗದಿರುವುದು ನಮ್ಮ ಕಾಲದ ವಿಪರ್ಯಾಸ.

ಶರಣರ ದಾರಿ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಾದಿ ಶರಣರು ಕಟ್ಟಿದ ಅನುಭವ ಮಂಟಪವನ್ನು ನಾವು ಸಮಾನತೆಯ ಸಂಸ್ಥೆಯೆಂದು ಕೊಂಡಾಡುತ್ತೇವೆ. ಜಾತಿ, ಲಿಂಗ, ವೃತ್ತಿಗಳ ಭೇದ ಅಲ್ಲಿ ಅಳಿಯಿತು ಎಂಬುದನ್ನು ಎಲ್ಲರೂ ಬಲ್ಲರು. ವಯೋಭೇದವೂ ಅಲ್ಲಿ ಅಳಿದಿತ್ತು ಎಂಬುದನ್ನು ಅಷ್ಟಾಗಿ ಗಮನಿಸುವುದಿಲ್ಲ. ಚನ್ನಬಸವಣ್ಣನವರು ಬಸವಣ್ಣನವರ ಅಕ್ಕನ ಮಗ; ವಯಸ್ಸಿನಲ್ಲಿ ಬಹಳ ಕಿರಿಯರು. ಆದರೂ ಅವರ ಜ್ಞಾನಕ್ಕೆ ಹಿರಿಯ ಶರಣರೆಲ್ಲರೂ ಕಿವಿಗೊಟ್ಟರು. ಕಿರುವಯಸ್ಸಿನ ಅಕ್ಕಮಹಾದೇವಿಯವರು ಮಂಟಪಕ್ಕೆ ಬಂದಾಗ ಅಲ್ಲಮಪ್ರಭುಗಳು ಕಠಿಣ ಪ್ರಶ್ನೆಗಳನ್ನು ಕೇಳಿದರು. ಉತ್ತರವನ್ನು ಆಲಿಸಿ ಗೌರವಿಸಿದರು. ಕಿರಿಯರ ಉತ್ತರವನ್ನು ಹಿರಿಯರು ಪೂರ್ತಿಯಾಗಿ ಕೇಳಿಸಿಕೊಂಡರು ಎಂಬುದೇ ಇಲ್ಲಿನ ಪಾಠ.

ಎರಡನೆಯದು ಕಾಯಕ. ಮಂಟಪದ ಚರ್ಚೆಗೆ ಬಂದವರೆಲ್ಲರೂ ದುಡಿದು ಬಂದವರು. ನುಲಿಯ ಚಂದಯ್ಯನವರು ಹಗ್ಗ ಹೊಸೆಯುತ್ತಿದ್ದರು, ಮಡಿವಾಳ ಮಾಚಯ್ಯನವರು ಬಟ್ಟೆ ಮಡಿಮಾಡುತ್ತಿದ್ದರು, ಅಂಬಿಗರ ಚೌಡಯ್ಯನವರು ದೋಣಿ ನಡೆಸುತ್ತಿದ್ದರು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮನವರು ಅದನ್ನು ಒಪ್ಪದೆ ಹಿಂದಕ್ಕೆ ಒಯ್ಯಲು ಹೇಳಿದ ಪ್ರಸಂಗ ನಮಗೆಲ್ಲ ಪರಿಚಿತ. ದುಡಿಮೆ ಇರಬೇಕು, ಅದಕ್ಕೆ ಮಿತಿಯೂ ಇರಬೇಕು ಎಂಬ ಆರೋಗ್ಯಸೂತ್ರ ಆ ಪ್ರಸಂಗದಲ್ಲಿ ಅಡಗಿದೆ.

ಮೂರನೆಯದು ದಾಸೋಹ. ದುಡಿದದ್ದನ್ನು ಹಂಚಿ ಉಣ್ಣುವುದು. ಕಾಯಕ, ಅನುಭಾವ, ದಾಸೋಹ ಈ ಮೂರೂ ಕೂಡಿದಾಗ ಮಾತ್ರ ಅದು ಶರಣರ ಕೂಟವಾಗುತ್ತದೆ. ಒಂದು ಬಿಟ್ಟುಹೋದರೂ ಕೂಟ ಕುಂಟುತ್ತದೆ.

ನಮ್ಮ ಕಾಲದ ಮಾದರಿಗಳು

ಈ ಪರಂಪರೆ ಇಂದಿಗೂ ಹರಿಯುತ್ತಿದೆ. ಗದಗಿನ ತೋಂಟದಾರ್ಯ ಮಠದಲ್ಲಿ ಲಿಂಗೈಕ್ಯ ಡಾ. ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು ಬೆಳೆಸಿದ ಸಾಪ್ತಾಹಿಕ ಶಿವಾನುಭವವು ದಶಕಗಳಿಂದ ಸೋಮವಾರಗಳಂದು ನಡೆದುಬಂದಿದೆ. ೨೦೧೯ರ ಆಗಸ್ಟ್ ತಿಂಗಳಿನಲ್ಲಿ ಸಾಣೇಹಳ್ಳಿಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ನೇತೃತ್ವದಲ್ಲಿ ನಾಡಿನ ಜಿಲ್ಲೆಗಳಲ್ಲಿ ಸಂಚರಿಸಿದ ‘ಮತ್ತೆ ಕಲ್ಯಾಣ’ ಅಭಿಯಾನದಲ್ಲಿ ಮೊದಲು ವಿದ್ಯಾರ್ಥಿಗಳೊಡನೆ ಸಂವಾದ, ಆಮೇಲೆ ಸಾಮರಸ್ಯ ನಡಿಗೆ, ಸಂಜೆ ಸಾರ್ವಜನಿಕ ಸಭೆ ಮತ್ತು ನಾಟಕ ಎಂಬ ಕ್ರಮವಿತ್ತು. ಪ್ರಶ್ನೆ ಕೇಳುವ ಸರದಿ ಮೊದಲು ಎಳೆಯರದಾಗಿತ್ತು. ಚರ್ಚೆಯ ನಂತರ ಎಲ್ಲರೂ ಕೂಡಿ ನಡೆಯುವ ಹೊತ್ತು ಬರುತ್ತಿತ್ತು. ಕೂಡಲಸಂಗಮದಲ್ಲಿ ಪ್ರತಿ ಜನವರಿಯಲ್ಲಿ ಸೇರುವ ಶರಣ ಮೇಳಕ್ಕೆ ಕುಟುಂಬಗಳು ಮಕ್ಕಳು ಮರಿಗಳೊಂದಿಗೆ ಹೋಗಿ ತಂಗುತ್ತವೆ. ನಮ್ಮ ನೆರೆಯ ತುಮಕೂರಿನ ಸಿದ್ಧಗಂಗೆಯಲ್ಲಿ ಡಾ. ಶಿವಕುಮಾರ ಸ್ವಾಮೀಜಿಯವರು (೧೯೦೭–೨೦೧೯) ನೂರು ದಾಟಿದ ಮೇಲೂ ಸಾವಿರಾರು ಮಕ್ಕಳ ನಡುವೆ ಬಾಳಿದರು. ಅವರ ದೀರ್ಘಾಯುಷ್ಯಕ್ಕೆ ಮಿತಾಹಾರ, ಲಿಂಗಪೂಜೆ, ನಿಯಮಿತ ದಿನಚರಿಗಳನ್ನು ಕಾರಣವಾಗಿ ಹೇಳುತ್ತೇವೆ. ಮಕ್ಕಳ ಧ್ವನಿ ಕೇಳದ ದಿನ ಅವರ ಬಾಳಿನಲ್ಲಿ ಇರಲಿಲ್ಲವೆಂಬುದನ್ನೂ ಅದರೊಂದಿಗೆ ಸೇರಿಸಿಕೊಳ್ಳಬೇಕು.

ಆದರೂ ಊರಿನ ಮಟ್ಟದಲ್ಲಿ ನೋಡಿದರೆ ನಮ್ಮ ಕಾರ್ಯಕ್ರಮಗಳು ವಯಸ್ಸಿನ ಪ್ರಕಾರ ಹರಿದು ಹಂಚಿಹೋಗಿವೆ. ಬೇಸಿಗೆ ಶಿಬಿರ ಮಕ್ಕಳಿಗೆ, ಶ್ರಮದಾನ ಕಾಲೇಜಿನ ತರುಣರಿಗೆ, ಪ್ರವಚನ ಹಿರಿಯರಿಗೆ. ಅಡುಗೆ ಮಾತ್ರ ಎಲ್ಲ ಕಾಲಕ್ಕೂ ಹೆಣ್ಣುಮಕ್ಕಳಿಗೆ. ಈ ನಾಲ್ಕನ್ನೂ ಒಂದೇ ಅಂಗಳಕ್ಕೆ ತರುವುದೇ ಮೂರು ತಲೆಮಾರಿನ ಶಿಬಿರದ ಉದ್ದೇಶ.

ಮೂರು ದಿನಗಳ ದಿನಚರಿ

ಇಂತಹ ಶಿಬಿರಕ್ಕೆ ದೊಡ್ಡ ಖರ್ಚು ಬೇಕಿಲ್ಲ. ಹತ್ತು ಹನ್ನೆರಡು ಕುಟುಂಬಗಳು, ಒಂದು ಮಠದ ಆವರಣ ಅಥವಾ ಊರಿನ ಬಸವ ಭವನ, ಮೂರು ದಿನಗಳು ಸಾಕು. ಬಸವ ಜಯಂತಿಯ ಹೊತ್ತಿಗೆ ನಮ್ಮ ಬಯಲುಸೀಮೆಯ ಬಿಸಿಲು ಹಿರಿಯರಿಗೆ ಹೊರೆಯಾಗುತ್ತದೆ. ಸಂಕ್ರಾಂತಿ ಕಳೆದು ಶಿವರಾತ್ರಿ ಬರುವ ಮುನ್ನಿನ ದಿನಗಳು ಉತ್ತಮ: ರಾಗಿಯ ಕೊಯ್ಲು ಮುಗಿದಿರುತ್ತದೆ, ಅವರೆಯ ಸೊಗಡು ಇನ್ನೂ ಇರುತ್ತದೆ, ಹವೆ ತಂಪಾಗಿರುತ್ತದೆ. ರೇಷ್ಮೆಯವರು ತಮ್ಮ ಬೆಳೆಯ ಲೆಕ್ಕ ನೋಡಿಕೊಂಡು, ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಿದ ನಂತರದ ಬಿಡುವಿನಲ್ಲಿ ಬರಬಹುದು.

ಬೆಳಿಗ್ಗೆ ಐದೂವರೆಗೆ ಏಳುವುದು. ಆರೂವರೆಗೆ ಸಾಮೂಹಿಕ ಇಷ್ಟಲಿಂಗ ಪೂಜೆ. ನೆಲದ ಮೇಲೆ ಕೂರಲಾಗದವರಿಗೆ ಗೋಡೆಯ ಬದಿಯಲ್ಲಿ ಬೆಂಚು ಅಥವಾ ಕುರ್ಚಿ ಇರಲಿ. ಮಂಡಿನೋವಿನವರು ನಾಚಿಕೆಯಿಂದ ನೆಲದಲ್ಲೇ ಕುಳಿತು ನರಳುವುದು ಭಕ್ತಿಯಲ್ಲ. ಎಡಗೈಯ ಕರಸ್ಥಲ ದಣಿದರೆ ಮೊಣಕೈಗೆ ದಿಂಬಿನ ಆಸರೆ ಕೊಡಬಹುದು. ಎಂಟರೊಳಗೆ ಉಪಾಹಾರ. ಎಂಟೂವರೆಯಿಂದ ಹತ್ತೂವರೆಯವರೆಗೆ ಕಾಯಕ. ಬಿಸಿಲೇರಿದ ಮೇಲೆ ಗೋಷ್ಠಿ, ಒಂದು ಗಂಟೆಗೆ ಪ್ರಸಾದ, ಬಳಿಕ ವಿಶ್ರಾಂತಿ. ಸಂಜೆ ನಡಿಗೆ ಮತ್ತು ಆಟ. ಏಳೂವರೆಗೆ ಪ್ರಸಾದ, ಒಂಬತ್ತೂವರೆಗೆ ದೀಪ ಆರಿಸುವುದು. ಮೊಬೈಲುಗಳು ಕಚೇರಿಯ ಪೆಟ್ಟಿಗೆಯಲ್ಲಿ ಇರಲಿ. ದಿನಕ್ಕೆ ಒಂದು ಬಾರಿ ಮನೆಗೆ ಮಾತನಾಡಲು ಅವಕಾಶವಿರಲಿ. ಈ ನಿಯಮ ಮಕ್ಕಳಿಗೆ ಮಾತ್ರವಲ್ಲ, ತಂದೆತಾಯಿಯರಿಗೂ ಅನ್ವಯಿಸಬೇಕು.

ಕಾಯಕ: ಎಲ್ಲರಿಗೂ ಕೆಲಸ, ಅವರವರ ಅಳತೆಗೆ

ವಿಶ್ವ ಆರೋಗ್ಯ ಸಂಸ್ಥೆಯ ೨೦೨೦ರ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ ಕನಿಷ್ಠ ೧೫೦ ನಿಮಿಷಗಳ ಸಾಧಾರಣ ಶ್ರಮ ಬೇಕು. ಮಕ್ಕಳಿಗೆ ದಿನಕ್ಕೆ ಸರಾಸರಿ ೬೦ ನಿಮಿಷಗಳ ಚಟುವಟಿಕೆ ಬೇಕು. ೬೫ ದಾಟಿದವರಿಗೆ ನಡಿಗೆಯ ಜೊತೆಗೆ ಸಮತೋಲನ ಮತ್ತು ಸ್ನಾಯುಬಲವನ್ನು ಕಾಪಾಡುವ ಅಭ್ಯಾಸವೂ ವಾರಕ್ಕೆ ಮೂರು ದಿನವಾದರೂ ಬೇಕು. ದಿನಕ್ಕೆ ಎರಡು ಗಂಟೆಯ ಕಾಯಕದಲ್ಲಿ ಇವೆಲ್ಲವೂ ಸಹಜವಾಗಿ ಒದಗುತ್ತವೆ.

ಊರಿನ ಕಲ್ಯಾಣಿಯನ್ನು ಶುಚಿಗೊಳಿಸುವ ಕೆಲಸವನ್ನೇ ತೆಗೆದುಕೊಳ್ಳೋಣ. ನಂದಿ ಬೆಟ್ಟಗಳ ಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಪಾಘ್ನಿಯಂತಹ ನದಿಗಳು ಹುಟ್ಟಿದರೂ ವರ್ಷವಿಡೀ ಹರಿಯುವ ನೀರು ನಮಗಿಲ್ಲ. ಅದಕ್ಕಾಗಿಯೇ ಹಿಂದಿನವರು ಕೆರೆ, ಕುಂಟೆ, ಕಲ್ಯಾಣಿಗಳನ್ನು ಕಟ್ಟಿದರು. ತರುಣರು ಗಿಡಗಂಟಿ ಕಡಿದು ಹೂಳೆತ್ತಲಿ. ನಡುವಯಸ್ಸಿನವರು ಸಾಲಾಗಿ ನಿಂತು ಬುಟ್ಟಿ ದಾಟಿಸಲಿ. ಮಕ್ಕಳು ಪ್ಲಾಸ್ಟಿಕ್ ಆಯ್ದು ಬೇರ್ಪಡಿಸಲಿ. ಹಿರಿಯರು ನೆರಳಿನಲ್ಲಿ ಕುಳಿತು ಆ ಕಲ್ಯಾಣಿಗೆ ನೀರು ಎಲ್ಲಿಂದ ಬರುತ್ತಿತ್ತು, ಯಾವ ಕಾಲುವೆ ಮುಚ್ಚಿಹೋಯಿತು, ಕೋಡಿ ಯಾವ ಕಡೆ ಬೀಳುತ್ತಿತ್ತು ಎಂಬುದನ್ನು ಹೇಳಲಿ. ಮಕ್ಕಳು ಅದನ್ನು ನಕ್ಷೆಯಾಗಿ ಬರೆದುಕೊಳ್ಳಲಿ. ಆಗ ಹಿರಿಯರು ಪ್ರೇಕ್ಷಕರಾಗಿ ಉಳಿಯುವುದಿಲ್ಲ. ಅವರಿಲ್ಲದೆ ಕೆಲಸ ಸಾಗದು. ತಾನು ಬೇಕಾದವನು ಎಂಬ ಭಾವಕ್ಕಿಂತ ದೊಡ್ಡ ಬಲವರ್ಧಕ ವೃದ್ಧಾಪ್ಯದಲ್ಲಿ ಇನ್ನೊಂದಿಲ್ಲ. ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ೧೮೬೧ರಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ತೊಂಬತ್ತು ದಾಟಿದ ಮೇಲೂ ಗಂಗಾನದಿಯ ಸೇತುವೆಗಾಗಿ ಸ್ಥಳ ನೋಡಲು ಹೋಗಿದ್ದರು. ನಾಡು ಅವರ ಅನುಭವವನ್ನು ಕೇಳುತ್ತಿತ್ತು; ಅವರೂ ನೂರು ವರ್ಷ ತುಂಬಿ ಬಾಳಿದರು.

ಅಡುಗೆಯ ಕಾಯಕದ ಬಗ್ಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಒಲೆಯ ಮುಂದೆ ಇರುವ ತಾಯಿ, ಸೊಸೆಯರು ಶಿಬಿರಕ್ಕೆ ಬಂದು ಐವತ್ತು ಜನರಿಗೆ ಬೇಯಿಸುವುದಾದರೆ ಅವರಿಗೆ ಅದು ಶಿಬಿರವಲ್ಲ, ಹೊರೆಯ ಮೇಲೆ ಹೊರೆ. ಗೋಷ್ಠಿಯಲ್ಲಿ ಅವರ ಆಸನ ಖಾಲಿಯಾಗಿದ್ದರೆ ಅನುಭವ ಮಂಟಪದ ಹೆಸರು ಹೇಳುವ ಅಧಿಕಾರ ನಮಗಿಲ್ಲ. ಆದ್ದರಿಂದ ಅಡುಗೆ, ಪಾತ್ರೆ, ಕಸಗುಡಿಸುವಿಕೆ, ಶೌಚಾಲಯ ಶುಚಿ ಇವೆಲ್ಲವೂ ಗಂಡು ಹೆಣ್ಣೆನ್ನದೆ ಸರದಿಯಂತೆ ನಡೆಯಬೇಕು. ಹದಿನೈದರ ಮೊಮ್ಮಗ ತಾತನೊಂದಿಗೆ ಕುಳಿತು ಅವರೆಕಾಯಿ ಸುಲಿಯಲಿ; ಆ ಒಂದು ಗಂಟೆಯಲ್ಲಿ ಹುಟ್ಟುವ ಮಾತು ವರ್ಷದ ಮೌನವನ್ನು ಮುರಿಯಬಲ್ಲದು. ಎದುರುಬದುರು ಕುಳಿತು ಬಾಯಿ ಬಿಡದವರು ಕೈಗೆ ಕೆಲಸ ಸಿಕ್ಕಾಗ ತಾವಾಗಿ ಮಾತನಾಡುತ್ತಾರೆ.

ಅನುಭವ ಗೋಷ್ಠಿ

ಗೋಷ್ಠಿಯು ಪ್ರವಚನವಲ್ಲ. ವೇದಿಕೆ, ಧ್ವನಿವರ್ಧಕ, ಹಾರ ತುರಾಯಿ ಬೇಡ. ಎಲ್ಲರೂ ವೃತ್ತಾಕಾರವಾಗಿ ಕೂರಲಿ. ಕಿವಿ ಮಂದವಾದ ಹಿರಿಯರಿಗೆ ಎದುರಿನವರ ಮುಖ ಕಂಡರೆ ಮಾತು ಸುಲಭವಾಗಿ ತಿಳಿಯುತ್ತದೆ. ಒಮ್ಮೆಗೆ ಒಬ್ಬರೇ ಮಾತನಾಡಿದರೆ ಇನ್ನೂ ಒಳ್ಳೆಯದು. ಮೊದಲ ಪ್ರಶ್ನೆ ಅತ್ಯಂತ ಕಿರಿಯರದಾಗಿರಲಿ. ಯಾರೂ ಐದು ನಿಮಿಷಕ್ಕಿಂತ ಹೆಚ್ಚು ಮಾತನಾಡದಿರಲಿ. ‘ನಮ್ಮ ಕಾಲದಲ್ಲಿ’ ಎಂದು ಆರಂಭಿಸಿದ ಮಾತು ಕಿರಿಯರನ್ನು ಹಳಿಯುವುದರಲ್ಲಿ ಮುಗಿಯದಿರಲಿ. ಗೋಷ್ಠಿಯಲ್ಲಿ ಕೇಳಿದ ಮನೆಯ ಮಾತು ಊರಿನ ಅರಳಿಕಟ್ಟೆಗೆ ಹೋಗದಿರಲಿ.

ವಿಷಯಗಳು ಬಾಳಿಗೆ ಹತ್ತಿರವಾಗಿರಲಿ: ಕೊಳವೆಬಾವಿ ಕೈಕೊಟ್ಟಾಗ ಮಾಡಿದ ಸಾಲ, ಟೊಮೆಟೊ ಅಥವಾ ಗೂಡಿನ ಬೆಲೆ ಕುಸಿದಾಗಿನ ಚಿಂತೆ, ಮನೆಯೊಳಗಿನ ಕುಡಿತ, ಮೊಬೈಲಿನ ಮೋಹ, ಮಗಳ ಓದು, ಆಸ್ತಿಯ ಪಾಲು, ಹಿರಿಯರ ಆರೈಕೆಯ ಹೊಣೆ. ಇವುಗಳಿಗೆ ಅಲ್ಲಿಯೇ ಪರಿಹಾರ ಸಿಗದೆ ಹೋಗಬಹುದು. ಬಾಯಿಬಿಟ್ಟು ಹೇಳಿದ ಸಂಕಟ ಅರ್ಧ ಹಗುರವಾಗುತ್ತದೆ. ಯಾರಾದರೂ ‘ಬದುಕು ಸಾಕಾಗಿದೆ’ ಎಂಬರ್ಥದ ಮಾತನಾಡಿದರೆ ಅದನ್ನು ತಮಾಷೆಯೆಂದು ತಳ್ಳಬಾರದು, ಬುದ್ಧಿವಾದದಿಂದ ಬಾಯಿ ಮುಚ್ಚಿಸಲೂಬಾರದು. ಪಕ್ಕದಲ್ಲಿ ಕುಳಿತು ಕೇಳಬೇಕು, ಒಂಟಿಯಾಗಿ ಬಿಡಬಾರದು, ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ೧೪೪೧೬ ಹಗಲಿರುಳೂ ಲಭ್ಯವಿದೆ, ಕನ್ನಡದಲ್ಲಿಯೂ ಮಾತನಾಡಬಹುದು. ಹಿರಿಯ ನಾಗರಿಕರಿಗಾಗಿ ೧೪೫೬೭ ಎಂಬ ಸಹಾಯವಾಣಿಯಿದೆ.

ಪ್ರಸಾದ ಮತ್ತು ನೀರು

ಊಟ ನಮ್ಮ ನೆಲದ್ದೇ ಇರಲಿ: ರಾಗಿಮುದ್ದೆ, ಸೊಪ್ಪಿನ ಬಸ್ಸಾರು, ಹುರುಳಿ ಅಥವಾ ಅವರೆಕಾಳಿನ ಸಾರು, ಮಜ್ಜಿಗೆ. ನೂರು ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಂಗೂ ಹೆಚ್ಚು ಸುಣ್ಣಾಂಶವಿದೆ; ಬೆಳೆಯುವ ಮಕ್ಕಳಿಗೂ ಸವೆಯುವ ಮೂಳೆಯ ಹಿರಿಯರಿಗೂ ಅದು ಹಿತ. ಆದರೆ ರಾಗಿಯಲ್ಲಿಯೂ ಪಿಷ್ಟವಿರುವುದರಿಂದ ಮಧುಮೇಹಿಗಳು ಮುದ್ದೆಯ ಗಾತ್ರವನ್ನು ಮಿತಿಯಲ್ಲಿಟ್ಟು ಸೊಪ್ಪು ಕಾಳುಗಳನ್ನು ಹೆಚ್ಚಿಸಿಕೊಳ್ಳಬೇಕು. ಉಪ್ಪು ಒಬ್ಬರಿಗೆ ದಿನಕ್ಕೆ ಒಟ್ಟು ಐದು ಗ್ರಾಂ, ಅಂದರೆ ಒಂದು ಚಹಾ ಚಮಚ ಮೀರದಿರಲಿ. ಉಪ್ಪಿನಕಾಯಿ, ಹಪ್ಪಳಗಳ ಉಪ್ಪೂ ಈ ಲೆಕ್ಕಕ್ಕೆ ಸೇರಿದ್ದು.

ನಮ್ಮ ಜಿಲ್ಲೆಯಲ್ಲಿ ನೀರಿನ ಬಗ್ಗೆ ವಿಶೇಷ ಎಚ್ಚರ ಬೇಕು. ಆಳದ ಕೊಳವೆಬಾವಿಗಳ ನೀರಿನಲ್ಲಿ ಅನೇಕ ಕಡೆ ಫ್ಲೋರೈಡ್ ಅಂಶ ಅಧಿಕವಾಗಿದೆ. ಭಾರತೀಯ ಮಾನದಂಡದಂತೆ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದಿದ್ದಲ್ಲಿ ಒಂದೂವರೆ ಮಿಲಿಗ್ರಾಂವರೆಗೆ ಮಾತ್ರ ಅನುಮತಿ. ಇದು ಮಿತಿ ಮೀರಿದರೆ ಮಕ್ಕಳ ಹಲ್ಲಿನ ಮೇಲೆ ಹಳದಿ ಕಂದು ಕಲೆಗಳು ಮೂಡುತ್ತವೆ. ಹಲವು ವರ್ಷ ಕುಡಿದ ಹಿರಿಯರ ಬೆನ್ನು, ಕುತ್ತಿಗೆ, ಕೀಲುಗಳು ಬಿಗಿಯುತ್ತವೆ. ಹಲ್ಲು ಉಜ್ಜಿಲ್ಲವೆಂದು ಮಗುವನ್ನು ಗದರಿಸುವ ಮೊದಲು, ವಯಸ್ಸಿನ ನೋವೆಂದು ತಾತನನ್ನು ಸುಮ್ಮನಾಗಿಸುವ ಮೊದಲು, ಇಬ್ಬರೂ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಬೇಕು. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಶಿಬಿರಕ್ಕೆ ಸುಸ್ಥಿತಿಯಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕದ ನೀರು ಅಥವಾ ಶುಚಿಯಾಗಿ ಸಂಗ್ರಹಿಸಿ ಕುದಿಸಿದ ಮಳೆನೀರು ತರಿಸಬೇಕು. ಅಡುಗೆಗೂ ಅದೇ ನೀರು ಬಳಸಬೇಕು. ಹಾಲು, ಮಜ್ಜಿಗೆ, ರಾಗಿ, ನೆಲ್ಲಿಕಾಯಿ, ಸೀಬೆಹಣ್ಣುಗಳು ಆಹಾರದಲ್ಲಿರುವುದು ಒಳಿತು.

ಮರೆಯಬಾರದ ಎಚ್ಚರಿಕೆಗಳು

ಶಿಬಿರದಲ್ಲಿದ್ದೇವೆಂದು ರಕ್ತದೊತ್ತಡ, ಮಧುಮೇಹ, ಹೃದಯದ ಮಾತ್ರೆಗಳನ್ನು ನಿಲ್ಲಿಸಬಾರದು. ಪ್ರಾರ್ಥನೆಯು ಔಷಧಕ್ಕೆ ಜೊತೆ, ಬದಲಿಯಲ್ಲ. ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು. ಅವರಲ್ಲಿ ನಡುಕ, ಬೆವರು, ತಬ್ಬಿಬ್ಬು ಕಂಡರೆ, ಎಚ್ಚರವಾಗಿದ್ದು ನುಂಗಬಲ್ಲವರಾಗಿದ್ದರೆ, ತಕ್ಷಣ ಸಕ್ಕರೆ ಅಥವಾ ಬೆಲ್ಲದ ನೀರು ಕೊಡಬೇಕು. ಎದೆಯ ಬಿಗಿತ, ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಕಂಡರೆ ಮನೆಮದ್ದಿಗೆ ಕಾಯದೆ ೧೦೮ಕ್ಕೆ ಕರೆ ಮಾಡಬೇಕು. ಹಿರಿಯರು ಹೆಚ್ಚಾಗಿ ಬೀಳುವುದು ಬಚ್ಚಲಲ್ಲಿ ಮತ್ತು ರಾತ್ರಿ ಕತ್ತಲಲ್ಲಿ. ಜಾರದ ನೆಲ, ಹಿಡಿಕೆ, ರಾತ್ರಿದೀಪ ಇರಲೇಬೇಕು. ಕಲ್ಯಾಣಿಯ ಅಂಚಿಗೆ ಮಕ್ಕಳನ್ನು ದೊಡ್ಡವರಿಲ್ಲದೆ ಬಿಡಬಾರದು. ಪ್ರತಿಯೊಬ್ಬ ಹಿರಿಯರಿಗೆ ತಮ್ಮ ಮನೆಯವರಲ್ಲದ ಒಬ್ಬ ಕಿರಿಯರನ್ನು ಜೊತೆ ಮಾಡಿದರೆ ಕಾಳಜಿಯೂ ಆಯಿತು, ಹೊಸ ನಂಟೂ ಆಯಿತು.

ಮನೆಗೆ ಮರಳಿದ ಮೇಲೆ

ಮೂರು ದಿನಗಳ ಶಿಬಿರ ಮೂವತ್ತು ವರ್ಷಗಳ ಮೌನವನ್ನು ಪೂರ್ತಿ ಕರಗಿಸಲಾರದು. ಜ್ವರದಿಂದೆದ್ದ ಹುಳುವಿಗೆ ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳದಿದ್ದರೆ ಬೆಳೆ ಕೆಡುತ್ತದೆ. ಹಾಗೆಯೇ ಶಿಬಿರದ ಫಲ ಮನೆಯ ಅಭ್ಯಾಸದಲ್ಲಿ ಉಳಿಯಬೇಕು. ವಾರದಲ್ಲಿ ಒಂದು ದಿನ ಮೊಬೈಲು, ಟಿ.ವಿ. ಇಲ್ಲದ ಪಂಕ್ತಿಭೋಜನ, ದಿನಕ್ಕೆ ಹತ್ತು ನಿಮಿಷ ತಾತ ಅಜ್ಜಿಯರೊಂದಿಗೆ ನಡಿಗೆ, ತಿಂಗಳಿಗೊಮ್ಮೆ ನಾಲ್ಕಾರು ಮನೆಗಳು ಕೂಡಿ ಒಂದು ಚಿಕ್ಕ ಗೋಷ್ಠಿ. ಗೌರಿಬಿದನೂರಿನ ಕಡೆಯವರು ವಿದುರಾಶ್ವತ್ಥಕ್ಕೆ ಮೊಮ್ಮಕ್ಕಳನ್ನು ಕರೆದೊಯ್ದು, ೧೯೩೮ರ ಏಪ್ರಿಲ್ ೨೫ರಂದು ಧ್ವಜಕ್ಕಾಗಿ ಅಲ್ಲಿ ಪ್ರಾಣಕೊಟ್ಟವರ ಕಥೆ ಹೇಳಲಿ. ಚಿಂತಾಮಣಿಯವರು ಕೈವಾರದ ಬೆಟ್ಟದ ತಪ್ಪಲಲ್ಲಿ, ಚಿಕ್ಕಬಳ್ಳಾಪುರದವರು ನಂದಿಯ ಭೋಗನಂದೀಶ್ವರನ ಪ್ರಾಂಗಣದಲ್ಲಿ ಒಂದು ಸಂಜೆ ಒಟ್ಟಾಗಿ ನಡೆಯಲಿ. ದಾರಿಯಲ್ಲಿ ಏನು ಮಾತನಾಡಬೇಕೆಂದು ಯಾರೂ ಕಲಿಸಬೇಕಿಲ್ಲ.

ಅಭ್ಯಾಸಕ್ಕಾಗಿ ಐದು ಪ್ರಶ್ನೆಗಳು

೧. ಕಳೆದ ವಾರ ನಿಮ್ಮ ಮನೆಯ ಹಿರಿಯರೊಂದಿಗೆ ಔಷಧ, ಊಟ, ಹಣದ ವಿಷಯ ಬಿಟ್ಟು ಎಷ್ಟು ಹೊತ್ತು ಮಾತನಾಡಿದಿರಿ?

೨. ನಿಮ್ಮ ಮಕ್ಕಳು ನಿಮ್ಮನ್ನು ಕೇಳಲು ಅಂಜುವ ಪ್ರಶ್ನೆ ಯಾವುದಿರಬಹುದು?

೩. ಮನೆಯಲ್ಲಿ ಹಿರಿಯರಿಗಾಗಿ ಉಳಿಸಿರುವ, ಅವರಿಂದಲೇ ಆಗಬೇಕಾದ ಕೆಲಸ ಯಾವುದಿದೆ?

೪. ಮನೆಯ ಕೆಲಸದಲ್ಲಿ ಯಾರಿಗೆ ಒಂದು ದಿನವೂ ಬಿಡುವಿಲ್ಲ?

೫. ನೀವು ಕುಡಿಯುವ ನೀರನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ?

ಈ ಪ್ರಶ್ನೆಗಳನ್ನು ಒಬ್ಬರೇ ಓದಿಕೊಳ್ಳದೆ, ಇಂದು ರಾತ್ರಿಯ ಊಟದ ಹೊತ್ತಿನಲ್ಲಿ ಮನೆಯ ಅತ್ಯಂತ ಕಿರಿಯ ಸದಸ್ಯರಿಂದ ಗಟ್ಟಿಯಾಗಿ ಓದಿಸಿರಿ. ನಿಮ್ಮ ಮನೆಯ ಮೊದಲ ಗೋಷ್ಠಿ ಅಲ್ಲಿಯೇ ಆರಂಭವಾಗಲಿ.